ತುಂಬಿದ ನೆತ್ತಿ

ಸೊಕ್ಕೆಯಲ್ಲಿ ಅರ್ಧ ಊರಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿ ನಾನು. ಹೆದರುತ್ತಿದ್ದದ್ದು ಒಂದಕ್ಕೇ, ಕೂಸಿನ ನೆತ್ತಿ ಬೀಳುವುದಕ್ಕೆ. ಭೇದಿಯಾಗಿ ನೆತ್ತಿ ಒಳಗೆ ಕುಸಿಯಿತೆಂದರೆ ಆಸೆ ಬಿಡಬೇಕು. ನಮ್ಮ ಕೇರಿಯ ಗಾದ್ರಮ್ಮನ ಚೊಚ್ಚಲು ಮಗು ಹೋದದ್ದು ಹಾಗೆಯೇ.

ಮೂವತ್ತೆಂಟನೇ ಇಸವಿಯಲ್ಲಿ ಅವಳಿಗೆ ಎರಡನೆಯದು ಹುಟ್ಟಿತು, ಗಂಡು. ದಿನಾ ಬೆಳಿಗ್ಗೆ ನಾನೇ ಹೋಗಿ ನೆತ್ತಿಗೆ ಎಣ್ಣೆ ಒತ್ತಿದೆ. ಮೂರನೇ ತಿಂಗಳಿಗೆ ನೆತ್ತಿ ಉಬ್ಬಿ ಬೆರಳಿಗೆ ಸಿಕ್ಕಿತು. "ನೋಡವ್ವ, ನೆತ್ತಿ ಹೆಂಗೆ ತುಂಬೈತೆ!" ಎಂದು ಬೀಗಿದೆ. ನನ್ನ ಬಾಯಿಗೆ ಮಣ್ಣು ಬೀಳಲಿ. ಗಾದ್ರಮ್ಮ ಹಳೇ ಸೀರೆಯಲ್ಲಿ ಹೊಲಿದ ಕುಲಾವಿ ಹದಿನೈದು ದಿನಕ್ಕೇ ಬಿಗಿಯಾಗುತ್ತಿತ್ತು. ದೊಡ್ಡ ತಲೆ, ಅಮಲ್ದಾರನಾಗುತ್ತಾನೆ ಎಂದು ನಗಿಸಿದೆ. ಹಾಲು ಕಕ್ಕಿದರೆ ಹೆಚ್ಚು ಕುಡಿದಿದ್ದಾನೆ ಎಂದೆ. ಐದನೇ ತಿಂಗಳಲ್ಲಿ ಕಣ್ಣುಗುಡ್ಡೆ ಕೆಳಕ್ಕೆ ಜಾರಿ ಮೇಲೆಲ್ಲ ಬಿಳಿ ಕಂಡಾಗ ಮಾತ್ರ ಇದು ಬೇರೇನೋ ಎಂದು ನನಗೆ ಗೊತ್ತಾಯಿತು.

ಗಾಡಿ ಕಟ್ಟಿಸಿ ಇಬ್ಬರನ್ನೂ ಜಗಳೂರಿನ ಡಾಕ್ಟರ ಹತ್ತಿರ ಕರೆದೊಯ್ದೆ. ಅವರು ತಲೆಗೆ ಟೇಪು ಸುತ್ತಿ ಅಳೆದರು. ಹಾಲು ಕೊಡಲು ತಾಯಿಯನ್ನು ಹೊರಗೆ ಕಳಿಸಿ, ನೆತ್ತಿ ಯಾವಾಗಿನಿಂದ ಉಬ್ಬಿದೆ ಎಂದು ನನ್ನನ್ನು ಕೇಳಿದರು.

"ಎರಡು ತಿಂಗಳಾತ್ರಿ. ಒಳ್ಳೇದು ಅಂದ್ಕಂಡಿದ್ದೆ."

ಬೈಯಲಿ ಎಂದು ಕಾದೆ. ಬೈಯಲಿಲ್ಲ.

"ಬುರುಡೆಯೊಳಗೆ ಮೆದುಳು, ರಕ್ತ, ನೀರು, ಇಷ್ಟಕ್ಕೇ ಜಾಗ. ಗಡ್ಡೆ ಬೆಳೆದರೂ, ಕೀವು ಕಟ್ಟಿದರೂ, ಪೆಟ್ಟು ಬಿದ್ದು ರಕ್ತ ಸೋರಿದರೂ ಒತ್ತಡ ಏರುತ್ತೆ. ಪೆಟ್ಟಿನದು ಥಟ್ಟನೆ, ಗಡ್ಡೆಯದು ನಿಧಾನ. ಇದು ನೀರು. ಹರಿಯೋ ದಾರಿ ಮುಚ್ಚಿದೆ. ಕೂಸಿನ ಬುರುಡೆಯ ಎಲುಬು ಇನ್ನೂ ಕೂಡಿಲ್ಲ, ಅದಕ್ಕೇ ತಲೆ ಹಿಗ್ಗುತ್ತಿದೆ."

"ತೆಗಿಯಾಕೆ ಬರಲ್ವೇನ್ರೀ?"

"ಸೂಜಿ ಹಾಕಿ ತೆಗೆದರೆ ಮತ್ತೆ ತುಂಬುತ್ತೆ. ಒಂದು ತಿಂಗಳು ಉಳಿದರೆ ಹೆಚ್ಚು. ತಾಯಿಗೆ ನೀವೇ ಹೇಳಿ."

"ಮೊದ್ಲೇ ತಂದಿದ್ರೆ?"

"ಆಗಲೂ ಇಷ್ಟೇ."

ಅದರಿಂದ ನನಗೇನೂ ಸಮಾಧಾನವಾಗಲಿಲ್ಲ.  ಗಾಡಿಯಲ್ಲಿ, ಡಾಕ್ಟರು ಏನಂದರು ಎಂದು ಗಾದ್ರಮ್ಮ ಕೇಳಿದ್ದಕ್ಕೆ ನಾಳೆ ಹೇಳುತ್ತೇನೆ ಎಂದೆ. ಹೀಗೇ ಮೂರು ದಿನ ಕಳೆದೆ.

ನಾಲ್ಕನೇ ಬೆಳಿಗ್ಗೆ ಹೇಳಿಯೇ ಬಿಡಬೇಕೆಂದು ಹೋದೆ. ಅವಳು ಜಗಲಿಯ ಮೇಲೆ ಕೂತು ದಾರ ಕಡಿಯುತ್ತಿದ್ದಳು. ಹೊಸ ಕುಲಾವಿ ಎತ್ತಿ ತೋರಿಸಿದಳು. ನನ್ನ ತಲೆಗೂ ಆಗುವಷ್ಟಿತ್ತು.

"ಪದೇಪದೇ ಹೊಲಿಯಾದು ಯಾಕೆ ಅಂತ ದೊಡ್ಡದಾಗೇ ಹೊಲ್ದೆ ಕಣೇ ಚೌಡಕ್ಕ. ಯುಗಾದಿಗೂ ಆಗ್ತೈತೆ, ಅಲ್ವಾ?"

ಯುಗಾದಿಗೆ ಇನ್ನೂ ನಾಲ್ಕು ತಿಂಗಳಿತ್ತು.

"ಆಗ್ತೈತೆ ಬಿಡವ್ವ" ಎಂದು ಎಣ್ಣೆ ಬಟ್ಟಲಿಗೆ ಬೆರಳು ಅದ್ದಿದೆ.