ಸೂಪ್ ಅಂದರೆ ಏನು

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಿದ್ದರೆ ಬಟವಾಡಿಯ ಈ ಬಾಡಿಗೆ ಮನೆಯಲ್ಲಿ ಕೂತು ಬೆಳಗಿನಿಂದ ಹಾಳೆ ಹರಿಯುತ್ತಿರಲಿಲ್ಲ. ಮೊದಲ ಹಾಳೆಯಲ್ಲಿ ಒಂದು ಬಸ್ಸು ಧೂಳೆಬ್ಬಿಸಿಕೊಂಡು ಬಂದು ನಿಂತಿತ್ತು. ಅಂಥ ಬಸ್ಸುಗಳಿಂದ ಶುರುವಾಗುವ ಕಥೆಗಳನ್ನು ನೀವು ಬೇಕಾದಷ್ಟು ಓದಿದ್ದೀರಿ, ಹರಿದೆ. ಎರಡನೆಯದರಲ್ಲಿ ಸೂರ್ಯ ಹುಟ್ಟುತ್ತಿದ್ದ. ಅವನನ್ನೂ ಹರಿದೆ. ಮೂರನೆಯದರಲ್ಲಿ ‘ಹಸಿವು ಎಂದರೇನು?’ ಎಂದು ದೊಡ್ಡದಾಗಿ ಬರೆದೆ. ಆಮೇಲೆ, ಈಗಷ್ಟೇ ಹೊಟ್ಟೆ ತುಂಬ ಇಡ್ಲಿ ತಿಂದು ಬಂದವನು ನಾನು ಎಂಬುದು ನೆನಪಾಗಿ ನಾಚಿಕೆಯಾಯಿತು.

ಆದ್ದರಿಂದ ಸುಮ್ಮನೆ ಹೇಳಿಬಿಡುತ್ತೇನೆ. ಸಾವಿರದ ಒಂಬೈನೂರ ಎಂಬತ್ತೊಂದರಲ್ಲಿ, ಕುಣಿಗಲ್ ತಾಲ್ಲೂಕಿನ ಅಮೃತೂರಿನ ಒಂದು ಶಾಲೆಯಲ್ಲಿ, ಖುರ್ಷಿದಾ ಬೇಗಂ ಎಂಬ ಟೀಚರ್ ಐದನೇ ಕ್ಲಾಸಿನ ಮಕ್ಕಳಿಗೆ ತಿನ್ನುವ, ಕುಡಿಯುವ ಪದಾರ್ಥಗಳ ಇಂಗ್ಲಿಷ್ ಹೆಸರು ಕಲಿಸುತ್ತಿದ್ದರು.

(ಇಷ್ಟು ಹೇಳಲಿಕ್ಕೆ ಮೂರು ಹಾಳೆ ಬೇಕಾಯಿತೇ ಎಂದು ಕೇಳಬೇಡಿ. ಬೇಕಾಯಿತು.)

೨

ಖುರ್ಷಿದಾ ತುಮಕೂರಿನವರು. ಶಿರಾ ಗೇಟ್ ಹತ್ತಿರ ತಂದೆ ಮಹಮ್ಮದ್ ಇಸ್ಮಾಯಿಲ್ ಅವರ ಟೈಲರ್ ಅಂಗಡಿ, ಅದರ ಹಿಂದೆಯೇ ಮನೆ. ಕೆಲಸ ಸಿಕ್ಕಿದ್ದು ಅಮೃತೂರಿನಲ್ಲಿ. ವಾರವೆಲ್ಲ ಅಲ್ಲೊಂದು ರೂಮಿನಲ್ಲಿದ್ದು, ಶನಿವಾರ ಬೆಳಗಿನ ಶಾಲೆ ಮುಗಿಸಿ ಮನೆಗೆ ಹೋಗುತ್ತಿದ್ದರು.

ಮಕ್ಕಳಿಗೆ ಇಂಗ್ಲಿಷ್ ಶುರುವಾಗುತ್ತಿದ್ದುದೇ ಐದನೇ ಕ್ಲಾಸಿನಲ್ಲಿ. ಗೋಡೆಗೆ ಒಂದು ಬಣ್ಣದ ಚಾರ್ಟು ತೂಗುಹಾಕಿತ್ತು. ಬ್ರೆಡ್, ಬಟರ್, ಚೀಸ್, ಜಾಮ್, ಗ್ರೇಪ್ಸ್. ಅದರಲ್ಲಿದ್ದ ಅರ್ಧ ವಸ್ತುಗಳನ್ನು ಮಕ್ಕಳು ಕಂಡಿರಲಿಲ್ಲ. ಚೀಸನ್ನು ಟೀಚರ್ರೂ ಕಂಡಿರಲಿಲ್ಲ. ಕಾಣದ ವಸ್ತುವಿನ ಹೆಸರು ತಲೆಯಲ್ಲಿ ನಿಲ್ಲುವುದಿಲ್ಲವೆಂದು ಅವರು ಒಂದು ಆಟ ಹೂಡಿದರು. ಎಲ್ಲರೂ ಕಣ್ಣು ಮುಚ್ಚಬೇಕು, ಟೀಚರ್ ಹೇಳಿದ ಪದವನ್ನು ಬಾಯಲ್ಲಿಟ್ಟುಕೊಂಡು ನಿಧಾನವಾಗಿ ಅಗಿಯಬೇಕು, ಆಮೇಲೆ ರುಚಿ ಹೇಗಿತ್ತೆಂದು ಹೇಳಬೇಕು.

ಮಧ್ಯಾಹ್ನದ ಹೊತ್ತು. ಹೆಂಚಿನ ಸಂದಿಯಿಂದ ಬಿಸಿಲು ಕಡ್ಡಿಕಡ್ಡಿಯಾಗಿ ಇಳಿಯುತ್ತಿತ್ತು. ಹೊರಗಿನ ತೆಂಗಿನ ಗರಿಗಳ ನೆರಳು ಕಪ್ಪುಹಲಗೆಯ ಮೇಲೆ ಹೋಗಿಬಂದು ಮಾಡುತ್ತಿತ್ತು. ಆ ತೂಕಡಿಕೆಯ ಬೆಳಕಿನಲ್ಲಿ ಮಕ್ಕಳೆಲ್ಲ ಕಣ್ಣು ಮುಚ್ಚಿ ಬರಿಬಾಯಿ ಅಗಿಯುತ್ತಿದ್ದರು. ಒಬ್ಬನಿಗೆ ಚೀಸ್ ಹಾಲಿನ ಕೆನೆಯಂತಿತ್ತು, ಇನ್ನೊಬ್ಬಳಿಗೆ ಎಳೆ ಕೊಬ್ಬರಿಯಂತೆ. ರಾಗಿಮುದ್ದೆಗೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಯಾರೋ ಕೇಳಿದಾಗ ಖುರ್ಷಿದಾ ಯೋಚಿಸಿ ‘ರಾಗಿ ಬಾಲ್’ ಎಂದರು. ಮಕ್ಕಳು ಅದನ್ನು ಅಗಿಯಲು ಒಪ್ಪಲಿಲ್ಲ. ಚೆಂಡನ್ನು ಯಾರು ತಿನ್ನುತ್ತಾರೆ?

ಎಲ್ಲರಿಗಿಂತ ಹೆಚ್ಚು ಹೊತ್ತು ಅಗಿಯುತ್ತಿದ್ದವಳು ಕದರಮ್ಮ. ಹತ್ತು ವರ್ಷದ, ಕಡ್ಡಿಯಂಥ ಹುಡುಗಿ. ಆಟ ಮುಗಿದು ಬೇರೆಯವರು ಕಣ್ಣು ಬಿಟ್ಟಮೇಲೂ ಅವಳು ನುಂಗುತ್ತಿದ್ದಳು.

೩

ಕದರಮ್ಮನ ತಾಯಿ ಕಾಮಾಲೆಯಾಗಿ ತೀರಿಕೊಂಡಿದ್ದರು. ತಂದೆ ಓಬಳಯ್ಯ ತೆಂಗಿನಕಾಯಿ ವ್ಯಾಪಾರದವನು. ಲೋಡು ತುಂಬಿಕೊಂಡು ತಿಪಟೂರಿಗೆ ಹೋದರೆ ಎಷ್ಟೋ ದಿನ ಬರುತ್ತಿರಲಿಲ್ಲ. ಮನೆಯಲ್ಲಿ ಹುಡುಗಿಯೊಬ್ಬಳೇ ಆಗುತ್ತಾಳೆಂದು ಗುಬ್ಬಿ ಕಡೆಯ ಹಳ್ಳಿಯಿಂದ ಗಂಗಲಕ್ಷ್ಮಮ್ಮನನ್ನು ಮದುವೆಯಾಗಿ ಕರೆತಂದ. ಅವಳಿಗೆ ಹತ್ತೊಂಬತ್ತು. ಕದರಮ್ಮ ಅವಳೊಂದಿಗೆ ಮಾತಾಡಲಿಲ್ಲ, ಅವಳು ಬೇಯಿಸಿದ್ದನ್ನು ಮುಟ್ಟಲಿಲ್ಲ. ಅಪ್ಪ ಇದ್ದಾಗ ಅವನ ತಟ್ಟೆಯಿಂದ ಒಂದಿಷ್ಟು ತಿನ್ನುತ್ತಿದ್ದಳು. ಅಪ್ಪ ಇಲ್ಲದಾಗ ಪಕ್ಕದ ಮನೆಯ ಕೊಲ್ಲಾಪುರಮ್ಮಜ್ಜಿ ಕೊಟ್ಟ ಮಜ್ಜಿಗೆಯೇ ಗತಿ.

ಇಂಗ್ಲಿಷ್ ಶುರುವಾದಮೇಲೆ ಅದೂ ಬೇಡವಾಯಿತು. ಅಜ್ಜಿ ಲೋಟ ಹಿಡಿದು ಕರೆದರೆ, ಇಸ್ಕೂಲಲ್ಲೇ ಉಂಡೆ, ಬ್ರೆಡ್ಡು, ಬಟರ್ರು, ಚೀಸು ಎನ್ನುತ್ತಿದ್ದಳು. ಅವಳು ಸುಳ್ಳು ಹೇಳುತ್ತಿದ್ದಳೆಂದು ನನಗನ್ನಿಸುವುದಿಲ್ಲ. ಬೀದಿಯವರು ಮಾತ್ರ ಬೇರೆಯೇ ಹೇಳತೊಡಗಿದರು. ಹೊಸಬಳು ಮಗುವಿಗೆ ಅನ್ನ ಹಾಕುವುದಿಲ್ಲವಂತೆ.

(ನಿಜ ಹೇಳಿಬಿಡುತ್ತೇನೆ. ಮೊದಲು ನಾನೂ ಬೀದಿಯವರ ಪಕ್ಷವೇ. ಒಂದು ಡ್ರಾಫ್ಟಿನಲ್ಲಿ ಗಂಗಲಕ್ಷ್ಮಮ್ಮ ತುಪ್ಪದ ಡಬ್ಬಿಯನ್ನು ಅಟ್ಟದ ಮೇಲೆ ಬಚ್ಚಿಡುತ್ತಿದ್ದಳು. ಮಧ್ಯಾಹ್ನ ಜೋಂಪು ಹತ್ತಿದಾಗ ಅವಳೇ ಬಂದು ನನ್ನ ಹೊಸಲಿನ ಮೇಲೆ ಕೂತಳು. “ಆ ಮನೇಲಿ ಅಟ್ಟನೇ ಇಲ್ಲ, ಸ್ವಾಮಿ” ಎಂದಳು. ಆ ಪುಟ ತೆಗೆದೆ.)

೪

ಒಂದು ಸಂಜೆ ಬೆಲ್ ಹೊಡೆದು ಮಕ್ಕಳೆಲ್ಲ ಹೋದಮೇಲೆ ಗಂಗಲಕ್ಷ್ಮಮ್ಮ ಶಾಲೆಗೆ ಬಂದಳು. ಜಗಳಕ್ಕೆ ಬಂದಿದ್ದಾಳೆ ಎಂದುಕೊಂಡರು ಖುರ್ಷಿದಾ. ಅವರಿಗೂ ಒಳಗೊಳಗೇ ಅಳುಕಿತ್ತು. ಹುಡುಗಿ ದಿನದಿನಕ್ಕೆ ಬತ್ತುತ್ತಿರುವುದು ಕಾಣುತ್ತಿತ್ತು. ಆಟವನ್ನು ನಿಲ್ಲಿಸೋಣವೆಂದರೆ ಅವಳ ಮುಖದಲ್ಲಿ ನಗು ಕಾಣುತ್ತಿದ್ದುದು ಆ ಆಟದಲ್ಲಿ ಮಾತ್ರ.

ಗಂಗಲಕ್ಷ್ಮಮ್ಮ ಕಂಬ ಹಿಡಿದು ನಿಂತು ನೆಲ ನೋಡಿಕೊಂಡು ಹೇಳಿದಳು:

“ಅವ್ಳು ಇಲ್ಲಿ ಏನೇನೋ ಉಣ್ತೀನಿ ಅಂತಾಳಲ್ಲ ಮಿಸ್ಸಮ್ಮ, ಅವುಗಳ ಹೆಸ್ರು ನಂಗೂ ಹೇಳ್ಕೊಡಿ. ಅದೇ ಹೆಸ್ರಲ್ಲಿ ಬಡುಸ್ತೀನಿ. ಆಗ್ಲಾದ್ರೂ ಉಂಡಾಳು.”

ಖುರ್ಷಿದಾ ಅವಳನ್ನು ಬೆಂಚಿನ ಮೇಲೆ ಕೂರಿಸಿದರು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದವಳು ಮಕ್ಕಳ ಬೆಂಚಿನಲ್ಲಿ ಮೊಣಕಾಲು ಮಡಿಸಿಕೊಂಡು ಕೂತು ರೈಸ್, ಮಿಲ್ಕ್, ಎಗ್, ಕರ್ಡ್, ಬನಾನಾ ಎಂದು ಒಪ್ಪಿಸಿದಳು. ಬೇಗ ಕಲಿತಳು. ಹೋಗುವಾಗ ಬಾಗಿಲಲ್ಲಿ ನಿಂತು, ಚಿಕ್ಕಮ್ಮನಿಗೆ ಇಂಗ್ಲಿಷಿನಲ್ಲಿ ಏನಂತಾರೆ ಎಂದು ಕೇಳಿದಳು. ‘ಸ್ಟೆಪ್ ಮದರ್’ ಎಂದರು ಖುರ್ಷಿದಾ. ಮದರ್ ಗೊತ್ತಾಯಿತು, ಸ್ಟೆಪ್ ಅಂದರೆ? ಮೆಟ್ಟಿಲು. ಗಂಗಲಕ್ಷ್ಮಮ್ಮ, ಆ ಪದ ಬೇಡ, ತಿನ್ನೋವೇ ಸಾಕು ಎಂದಳು.

ಅವತ್ತು ರಾತ್ರಿಯ ಊಟಕ್ಕೆ ಅವಳು ಒಂದೊಂದನ್ನೂ ಹೆಸರು ಹೇಳಿ ಬಡಿಸಿದಳು. ರೈಸು. ಕರ್ಡು. ಕದರಮ್ಮ ಗೋಡೆ ಕಡೆಗೆ ಮುಖ ಮಾಡಿ ಕೂತಿದ್ದಳು. ಬೇಯಿಸಿದ ಮೊಟ್ಟೆಯನ್ನು ತಟ್ಟೆಯಲ್ಲಿಡುವಾಗ ಗಾಬರಿಗೆ ಗಂಗಲಕ್ಷ್ಮಮ್ಮನ ನಾಲಿಗೆ ಊರಿನ ದಾರಿ ಹಿಡಿಯಿತು. “ಯಗ್ಗು” ಎಂದಳು.

“ಯಗ್ಗಲ್ಲ. ಎಗ್” ಎಂದಳು ಕದರಮ್ಮ, ಗೋಡೆಗೆ.

ಆ ಮನೆಗೆ ಕಾಲಿಟ್ಟಾಗಿನಿಂದ ಗಂಗಲಕ್ಷ್ಮಮ್ಮನಿಗೆ ಅವಳು ಆಡಿದ ಮೊದಲ ಮಾತು. ಮೊಟ್ಟೆಯನ್ನು ಅವಳು ಮುಟ್ಟಲಿಲ್ಲ. ಆದರೂ ಮಾರನೆಯ ದಿನ ಗಂಗಲಕ್ಷ್ಮಮ್ಮ ಶಾಲೆಯ ಕಿಟಕಿಗೆ ಬಂದು, ಮಾತಾಡುದ್ಲು ಮಿಸ್ಸಮ್ಮ ಎಂದು ಹೇಳಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಓಡಿಹೋದಳು. ಅಂದಿನಿಂದ, ಸರಿಯಾಗಿ ಗೊತ್ತಿದ್ದ ಪದಗಳನ್ನೂ ಬೇಕೆಂದೇ ತಪ್ಪಾಗಿ ಹೇಳತೊಡಗಿದಳು. ಬಣಾಣ. ಮಿಲುಕು. ಗೋಡೆ ಕಡೆಯಿಂದ ಪ್ರತಿಸಲವೂ ತಿದ್ದುಪಡಿ ಬರುತ್ತಿತ್ತು.

(ಇಲ್ಲಿಗೇ ನಿಲ್ಲಿಸಬಹುದಿತ್ತು. ಯಾವ ಪತ್ರಿಕೆಯವರಾದರೂ ಒಪ್ಪುತ್ತಿದ್ದರು. ಆದರೆ ಹುಡುಗಿ ಇನ್ನೂ ಉಂಡಿಲ್ಲ, ನಾನು ಹೇಗೆ ನಿಲ್ಲಿಸಲಿ?)

೬

(ಐದನ್ನು ಹರಿದೆ. ಅದರಲ್ಲಿ ನಾನು ಭಾಷೆಯ ಬಗ್ಗೆ ಭಾಷಣ ಮಾಡಿದ್ದೆ.)

ಕದರಮ್ಮನಿಗೆ ಜ್ವರ ಬಂತು. ಓಬಳಯ್ಯ ತಿಪಟೂರಿನಲ್ಲಿದ್ದ. ಶನಿವಾರ ಖುರ್ಷಿದಾ ತುಮಕೂರಿಗೆ ಹೊರಟುಹೋಗಿದ್ದರು. ಊರಿನ ಕಾಂಪೌಂಡರು ಮಿಕ್ಸ್ಚರ್ ಕೊಟ್ಟು, ಬರಿಹೊಟ್ಟೆಗೆ ಔಷಧಿ ನಿಲ್ಲುವುದಿಲ್ಲ, ಏನಾದರೂ ಒಳಗೆ ಹೋಗಲೇಬೇಕು ಎಂದು ಹೇಳಿ ಹೋದ. ಗಂಜಿ, ಹಾಲು, ಎಳನೀರು ಯಾವುದಕ್ಕೂ ಹುಡುಗಿ ತುಟಿ ತೆರೆಯಲಿಲ್ಲ. ತಪ್ಪಾಗಿ ಹೆಸರು ಹೇಳಿದರೂ ತಿದ್ದಲಿಲ್ಲ. ಭಾನುವಾರ ಬೆಳಿಗ್ಗೆ ಜ್ವರದ ಮಂಪರಿನಲ್ಲಿ ಒಂದೇ ಒಂದು ಮಾತು ಹೇಳಿದಳು.

“ಸೂಪ್.”

ಆ ವಾರ ತರಗತಿಯಲ್ಲಿ ಕಲಿತದ್ದು. ಗಂಗಲಕ್ಷ್ಮಮ್ಮನಿಗೆ ಇನ್ನೂ ಕಲಿಸಿರಲಿಲ್ಲ. ಅದು ಹಣ್ಣೋ, ತಿಂಡಿಯೋ, ಪೇಟೆಯಲ್ಲಿ ಸಿಗುವುದೋ ಅವಳಿಗೆ ತಿಳಿಯದು. ಅಜ್ಜಿಗೂ ತಿಳಿಯದು. ಅಜ್ಜಿಯನ್ನು ಮಗುವಿನ ಪಕ್ಕದಲ್ಲಿ ಕೂರಿಸಿ, ಇದ್ದುದರಲ್ಲಿ ಒಳ್ಳೆಯ ಸೀರೆಯುಟ್ಟು, ಮಿಸ್ಸಮ್ಮನ ಮನೆ ತುಮಕೂರಿನ ಶಿರಾ ಗೇಟ್ ಹತ್ತಿರವೆಂದು ಕೇಳಿದ್ದಷ್ಟನ್ನೇ ನಂಬಿಕೊಂಡು, ಅವಳು ಕುಣಿಗಲ್ ಬಸ್ಸು ಹತ್ತಿದಳು. ಒಬ್ಬಳೇ ಬಸ್ಸು ಹತ್ತಿದ್ದು ಅದೇ ಮೊದಲು. ಕುಣಿಗಲ್‌ನಲ್ಲಿ ಇಳಿದು ತುಮಕೂರಿನ ಬಸ್ಸು ಯಾವುದೆಂದು ಹೆಂಗಸರನ್ನು ಹುಡುಕಿ ಕೇಳಿದಳು. ದಾರಿಯುದ್ದಕ್ಕೂ ಆ ಪದ ಮರೆತುಹೋಗದಂತೆ ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. ಶಿರಾ ಗೇಟ್‌ನಲ್ಲಿ, ಇಂಗ್ಲಿಷ್ ಹೇಳ್ಕೊಡೋ ಮಿಸ್ಸಮ್ಮನ ಮನೆ ಯಾವುದು ಎಂದು ಕೇಳಿದಾಗ ಜನ ನಕ್ಕರು. ಅಮೃತೂರು ಇಸ್ಕೂಲಿನ ಮಿಸ್ಸಮ್ಮ, ಅವರಪ್ಪ ಬಟ್ಟೆ ಹೊಲಿಯೋರು ಎಂದಾಗ ಒಬ್ಬ ಅಂಗಡಿಯವನು ಗಲ್ಲಿ ತೋರಿಸಿದ.

ಬಾಗಿಲು ತೆರೆದವರು ಖುರ್ಷಿದಾ. ಅವಳ ಮುಖ ಕಂಡು, ಮಗು ಹೋಗಿಬಿಟ್ಟಿತೇನೋ ಎಂದುಕೊಂಡು ಬಾಗಿಲ ಚೌಕಟ್ಟು ಹಿಡಿದುಕೊಂಡರು.

“ಸೂಪ್ ಅಂದ್ರೆ ಏನು, ಮಿಸ್ಸಮ್ಮ?” ಎಂದಳು ಗಂಗಲಕ್ಷ್ಮಮ್ಮ.

ಖುರ್ಷಿದಾ ಬಾಯಿ ತೆರೆದರು. ತರಕಾರಿ ಇಲ್ಲವೇ ಮಾಂಸವನ್ನು ಬೇಯಿಸಿ ತೆಗೆದ ದ್ರವ ಎಂದು ಪುಸ್ತಕದ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಇವಳಿಗೆ ಹೇಳಿ ಏನು ಪ್ರಯೋಜನ? ಚಾರ್ಟಿನಲ್ಲಿ ಸೂಪ್ ಎಂಬ ಹೆಸರಿನ ಮೇಲೆ ಬಿಳಿಯ ಬಟ್ಟಲಿತ್ತು, ಅದರಿಂದ ಹಬೆ ಏಳುತ್ತಿತ್ತು, ಅಷ್ಟೇ ಅವರಿಗೂ ಗೊತ್ತಿದ್ದುದು. ಅಷ್ಟರಲ್ಲಿ ತಾಯಿ ಹಜರಾ ಬೀ ಅಡುಗೆಮನೆಯಿಂದ ಕೈ ಒರೆಸಿಕೊಂಡು ಬಂದರು. ವಿಷಯ ಕೇಳಿ, ಅದು ನಮ್ಮ ಶೋರ್ಬಾ ಅಲ್ವಾ ಎಂದರು. ಆಮೇಲೆ ಗಂಗಲಕ್ಷ್ಮಮ್ಮನ ಕಡೆ ತಿರುಗಿ ಕೇಳಿದರು:

“ಬೇಟಿ, ನಿಂಗೆ ಜ್ವರ ಬಂದ್ರೆ ನಿಮ್ಮಮ್ಮ ಏನು ಕೊಡ್ತಿದ್ರು?”

“ಹುರುಳಿಕಟ್ಟು. ಮೆಣಸು, ಬೆಳ್ಳುಳ್ಳಿ ಹಾಕಿ.”

“ಹಾಂ. ಅದೇ.”

ಹಾಗೆಂದು ಅವರು ಒಳಗೆ ಹೋಗಿ, ಹಬ್ಬಕ್ಕೆ ಮಾತ್ರ ಹೊರಬರುತ್ತಿದ್ದ ಬಿಳಿಯ ಪಿಂಗಾಣಿ ಬಟ್ಟಲೊಂದನ್ನು ತಂದು, ಹಳೆಯ ದುಪಟ್ಟಾದಲ್ಲಿ ಸುತ್ತಿ ಅವಳ ಕೈಗಿತ್ತರು. ಖುರ್ಷಿದಾ ಚಪ್ಪಲಿ ಮೆಟ್ಟಿಕೊಂಡು ತಾವೂ ಹೊರಟರು.

೭

ಈ ಬಟ್ಟಲನ್ನು ನಾನು ಕುಣಿಗಲ್ ಬಸ್ ಸ್ಟ್ಯಾಂಡಿನಲ್ಲಿ ಒಡೆದಿದ್ದೆ. ಯಾರೋ ತಳ್ಳುತ್ತಾರೆ, ಕೈ ಜಾರುತ್ತದೆ, ಚೂರುಗಳ ಮೇಲೆ ಸಂಜೆಯ ಬಿಸಿಲು ಬೀಳುತ್ತದೆ. ಬಹಳ ಚೆನ್ನಾಗಿ ಬಂದಿತ್ತು. ಹಜರಾ ಬೀ ಒಪ್ಪಲಿಲ್ಲ. ಅದು ತನ್ನ ತಾಯಿ ಮದುವೆಯಲ್ಲಿ ಕೊಟ್ಟದ್ದು, ನಿನ್ನ ಬಿಸಿಲು ಚೆಂದ ಕಾಣಲಿ ಅಂತ ಅದನ್ನು ಯಾಕೆ ಒಡೆಯುತ್ತೀಯ ಎಂದು ಕೇಳಿದರು. ಆ ಪುಟವನ್ನೂ ತೆಗೆದೆ.

ಬಟ್ಟಲು ಒಡೆಯಲಿಲ್ಲ. ಗಂಗಲಕ್ಷ್ಮಮ್ಮ ಅದನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಗೆ ತಲೆಯಾನಿಸಿ ನಿದ್ದೆಹೋದಳು. ಆ ನಿದ್ದೆಯಲ್ಲಿ ಒಂದು ಮನೆಯೊಳಗೆ ನಡೆಯುತ್ತಿದ್ದಳು. ಪಾತ್ರೆಗಳು, ಕಾಳಿನ ಮಡಕೆಗಳು, ಒಲೆಯ ಮೇಲಿನ ಹಾಲು ಎಲ್ಲವೂ ಮೆಲ್ಲಗೆ ತಮ್ಮ ಹೆಸರು ಕೇಳುತ್ತಿದ್ದವು. ಅವಳು ಯಾವುದನ್ನು ಏನೆಂದು ಕರೆದರೂ ಅದು ತಲೆಯಾಡಿಸಿ ಒಪ್ಪಿಕೊಳ್ಳುತ್ತಿತ್ತು. ಬಸ್ಸು ಅಮೃತೂರಿನಲ್ಲಿ ನಿಂತಾಗ ಖುರ್ಷಿದಾ ಅವಳ ಭುಜ ಮುಟ್ಟಿ ಎಬ್ಬಿಸಿದರು.

ದೀಪ ಹಚ್ಚುವ ಹೊತ್ತು. ಹುಡುಗಿಯ ಜ್ವರ ಹಾಗೇ ಇತ್ತು. ಅಜ್ಜಿಯ ಮನೆಯಲ್ಲಿ ಎತ್ತುಗಳಿಗೆಂದು ಹುರುಳಿ ಬೇಯಿಸಿದ್ದು ಪುಣ್ಯ. ಗಂಗಲಕ್ಷ್ಮಮ್ಮ ಅದರ ಕಟ್ಟು ಬಸಿದು ತಂದು, ಮೆಣಸು ಜಜ್ಜಿ ಹಾಕಿ, ಬೆಳ್ಳುಳ್ಳಿಯ ಒಗ್ಗರಣೆ ಕೊಟ್ಟು, ಕುದಿಸಿ, ಬಿಳಿಯ ಬಟ್ಟಲಿಗೆ ಸುರಿದಳು. ಕದರಮ್ಮನನ್ನು ಎಬ್ಬಿಸಿ ಗೋಡೆಗೆ ಒರಗಿಸಿದಳು. ಹುಡುಗಿ ಬಟ್ಟಲನ್ನು ನೋಡಿದಳು, ಹಬೆಯನ್ನು ನೋಡಿದಳು, ಮೊದಲ ಸಲ ನೇರವಾಗಿ ಗಂಗಲಕ್ಷ್ಮಮ್ಮನ ಮುಖ ನೋಡಿದಳು.

“ಏನಿದು?”

ದಾರಿಯುದ್ದಕ್ಕೂ ಅಭ್ಯಾಸ ಮಾಡಿದ್ದ ಪದ ಗಂಗಲಕ್ಷ್ಮಮ್ಮನ ಬಾಯಿಗೆ ಬರಲಿಲ್ಲ.

“ಹುರುಳಿಕಟ್ಟು ಕಣವ್ವ. ನಂಗೆ ಜ್ವರ ಬಂದ್ರೆ ನಮ್ಮವ್ವ ಕೊಡೋಳು. ಸೂಪ್ ಅಂದ್ರೆ ಇದೇ ಅಂತ ಹೇಳವ್ರೆ. ನಂಗೊತ್ತಿಲ್ಲ.”

೮

ಈಗ ಮುಕ್ತಾಯ ಬೇಕು. ನನ್ನ ಹತ್ತಿರ ಕೆಲವು ಇವೆ.

ಕದರಮ್ಮ ಬಟ್ಟಲು ಖಾಲಿ ಮಾಡಿ ‘ಅವ್ವ’ ಎಂದು ಕರೆಯುತ್ತಾಳೆ. (ನಾನು ಹಂಗೆ ಕರೀಲಿಲ್ಲ, ಬರೀಬೇಡಿ ಎನ್ನುತ್ತಿದ್ದಾಳೆ ಕದರಮ್ಮ. ಹೊಡೆದುಹಾಕಿದೆ.)

ಬೇಡವೆಂದು ಮುಖ ತಿರುಗಿಸುತ್ತಾಳೆ, ಆ ರಾತ್ರಿ ಜ್ವರ ಏರುತ್ತದೆ. (ಇದನ್ನು ಬರೆಯಲು ಕೈ ಬರುತ್ತಿಲ್ಲ. ಕಥೆಗಾರನಿಗೆ ಇರಬೇಕಾದ ಕಲ್ಲೆದೆ ನನಗೆ ಇಲ್ಲ.)

ಇಲ್ಲವೇ, ಏಳು ವರ್ಷ ಕಳೆದ ಮೇಲೆ, ನಾನಿದನ್ನು ಬರೆಯುತ್ತಿರುವ ಈ ಎಂಬತ್ತೆಂಟರಲ್ಲಿ, ಗುಬ್ಬಿಯ ಸಂತೆಯಲ್ಲಿ ಒಬ್ಬ ಯುವತಿಯೂ ಅವಳಿಗಿಂತ ಅಷ್ಟೇನೂ ದೊಡ್ಡವಳಲ್ಲದ ಹೆಂಗಸೂ ಹುರುಳಿ ಚೌಕಾಸಿ ಮಾಡುತ್ತಿರುವುದನ್ನು ಖುರ್ಷಿದಾ ದೂರದಿಂದ ಕಾಣುತ್ತಾರೆ. (ಅವರೇ ಇರಬಹುದು. ಖುರ್ಷಿದಾಗೆ ಕನ್ನಡಕ ಬಂದಿದೆ, ಖಚಿತವಾಗಿ ಹೇಳಲಾರರು.)

ಯಾವುದೂ ಕೂರುತ್ತಿಲ್ಲ. ಮತ್ತೆ ಆ ಕೋಣೆಗೇ ಹೋಗಿ ನೋಡುವುದೇ ಸರಿ. ಹುಡುಗಿ ಎರಡೂ ಕೈಯಲ್ಲಿ ಬಟ್ಟಲು ಹಿಡಿದಿದ್ದಾಳೆ. ಅಜ್ಜಿ ಬಗ್ಗಿ ನೋಡುತ್ತಿದ್ದಾರೆ. ಖುರ್ಷಿದಾ ಬಾಗಿಲ ಬಳಿ ನಿಂತು ನೋಡುತ್ತಿದ್ದಾರೆ. ಅವರ ಹಿಂದೆ ನಾನು, ನನ್ನ ಹಿಂದೆ ನೀವು. ಗಂಗಲಕ್ಷ್ಮಮ್ಮ ತಿರುಗಿ ನಮ್ಮನ್ನೆಲ್ಲ ನೋಡಿದಳು. ಅವಳ ದನಿ ಏರಲಿಲ್ಲ.

“ಎಲ್ರೂ ಹಿಂಗೆ ಬಾಯಿ ನೋಡ್ಕಂಡು ನಿಂತ್ರೆ ಮಗು ಹೆಂಗೆ ಕುಡಿದಾಳು? ಆಚೆ ನಡೀರಿ.”

ಅಜ್ಜಿ ಮೊದಲು ಎದ್ದರು. ಖುರ್ಷಿದಾ ಅವರ ಕೈ ಹಿಡಿದು ಹೊಸಲು ದಾಟಿಸಿದರು. ಬನ್ನಿ, ನಾವೂ ಹೋಗೋಣ. ಬಾಗಿಲು ಮುಚ್ಚಿತು. ಹೊರಗೆ ಜಗಲಿ ಇನ್ನೂ ಹಗಲಿನ ಕಾವು ಇಟ್ಟುಕೊಂಡಿದೆ. ಎತ್ತುಗಳು ಕಟ್ಟು ಬಸಿದ ಹುರುಳಿಯನ್ನು ತಿನ್ನುತ್ತಿವೆ. ಒಳಗೇನಾಯಿತೆಂದು ನನ್ನನ್ನು ಕೇಳಬೇಡಿ. ನಾನೂ ನಿಮ್ಮ ಪಕ್ಕದಲ್ಲೇ ಕೂತಿದ್ದೇನೆ.