ಗುರುಲಿಂಗವ್ವನ ಎದೆಯ ಸದ್ದು

ಇಳಕಲ್ಲಿನ ನೇಕಾರರ ಓಣಿಯಲ್ಲಿ ಗುರುಲಿಂಗವ್ವ ಕೊಡ ಹೊತ್ತು ಮನೆಯ ಕಟ್ಟೆ ಹತ್ತಿದರೆ ಸಾಕು, ಏದುಸಿರು. ಓಣಿಯ ಹೆಂಗಸರು ದೃಷ್ಟಿ ಎಂದರು, ನಿಶ್ಶಕ್ತಿ ಎಂದರು. ಕೈಮಗ್ಗ ನಡೆಸುವ ಗಂಡ ಅಂದಾನಪ್ಪ ಮಾತ್ರ ಚಿಂತಿಸಲಿಲ್ಲ.

“ಹುಟ್ಟಿದಾಗಿಂದ ಹಂಗ ಅದಾಳ. ಹುಟ್ಟಿನಿಂದ ಬಂದದ್ದು ಮೂಗಿದ್ದಂಗ, ಅದು ರೋಗ ಹೆಂಗ ಆಗತೈತಿ?”

“ಮೂಗು ಉಸಿರಾಡಸತೈತಿ, ಇದು ಉಸಿರು ಕಟ್ಟಸತೈತಿ,” ಎಂದಳು ಲಸಿಕೆ ಹಾಕಲು ಬಂದಿದ್ದ ನರ್ಸ್ ಲಾಲಬಿ. ಅಂದೇ ಇಬ್ಬರನ್ನೂ ಸರಕಾರಿ ದವಾಖಾನೆಗೆ ಹೊರಡಿಸಿ ತಾನೂ ಜೊತೆಗೆ ಹೋದಳು.

ಡಾಕ್ಟರು ಗುರುಲಿಂಗವ್ವನ ಎದೆಯ ಎಡಗಡೆ ಸ್ಟೆತಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದರು. ಆಮೇಲೆ ಅದನ್ನು ಅಂದಾನಪ್ಪನ ಕಿವಿಗೇ ಸಿಕ್ಕಿಸಿದರು. “ಮೊದಲ ನಿಮ್ಮದು ಕೇಳ್ರಿ.”

ಅವನ ಎದೆ ಕೈಮಗ್ಗದಂತೆ ಬಡಿದು ನಿಂತು, ಬಡಿದು ನಿಂತು ನಡೆಯುತ್ತಿತ್ತು. ಹೆಂಡತಿಯದಕ್ಕೆ ನಿಲುಗಡೆಯೇ ಇಲ್ಲ. ಅಂದಾನಪ್ಪನ ಕಣ್ಣು ಅರಳಿದವು.

“ಸಾಹೇಬ್ರ, ಒಳಗ ಪವರ್‌ಲೂಮ್ ನಡದೈತ್ರಿ.”

“ಇಷ್ಟು ವರ್ಷ ಸಂಸಾರ ಮಾಡಿ, ನನ್ನ ಎದಿ ಮಾತು ಇವತ್ತ ಕೇಳಿದ್ರಿ,” ಎಂದಳು ಗುರುಲಿಂಗವ್ವ.

ಡಾಕ್ಟರು ರೋಗಕ್ಕೆ ಉದ್ದನೆಯ ಹೆಸರು ಹೇಳಿದರು. ಲಾಲಬಿ ಅದನ್ನು ಮಾತಿಗಿಳಿಸಿದಳು: “ಹೊಟ್ಟ್ಯಾಗಿನ ಕೂಸು ಉಸಿರಾಡೂದಿಲ್ಲ. ಅದಕ್ಕ ರಕ್ತ ಪುಪ್ಪುಸಕ್ಕ ಹೋಗದಂಗ ದಾಟಾಕ ಹೃದಯದ ಹತ್ರ ಒಂದು ಅಡ್ಡನಾಳ ಇರತೈತಿ. ಹುಟ್ಟಿದ ಮ್ಯಾಲ ಅದು ಮುಚ್ಚಬೇಕು. ಈಕಿದು ಮುಚ್ಚಿಲ್ಲ, ಅದರಾಗಿಂದ ರಕ್ತ ಪುಪ್ಪುಸಕ್ಕ ಹೆಚ್ಚಿಗಿ ನುಗ್ಗತೈತಿ, ಅದಕ್ಕ ಏದುಸಿರು. ದೊಡ್ಡವರೊಳಗ ಇದು ಅಪರೂಪ. ತಡಾ ಮಾಡಿದ್ರ ಪುಪ್ಪುಸ ಕೆಡತಾವ, ಆಮ್ಯಾಲ ಮುಚ್ಚಾಕೂ ಬರೂದಿಲ್ಲ.”

“ಮುಚ್ಚಾಕ ಎದಿ ಕೊಯ್ಯೂದಂದ್ರ...” ಅಂದಾನಪ್ಪ ಹಿಂಜರಿದ.

“ಪಕ್ಕೆಲುಬಿನ ಸಂದ್ಯಾಗಿಂದ ಹೋಗಿ ನಾಳಕ್ಕ ದಾರ ಕಟ್ಟತಾರ,” ಎಂದರು ಡಾಕ್ಟರು. “ಅಪಾಯ ಇಲ್ಲಂತ ಹೇಳೂದಿಲ್ಲ. ಸುಮ್ನ ಬಿಟ್ರ ಇದಕ್ಕಿಂತ ಹೆಚ್ಚು.”

“ದಾರ ಕಟ್ಟೂದಾ? ಅದನ್ನ ಮೊದಲ ಹೇಳಬಾರದೇನ್ರಿ,” ಎಂದು ನೇಕಾರ ಎದ್ದೇ ನಿಂತ.

ಹುಬ್ಬಳ್ಳಿಯಲ್ಲಿ ಎಕ್ಸರೆ, ಇಸಿಜಿ ಆದವು. ಮುಂಬಯಿಯಲ್ಲಿ ಇನ್ನಷ್ಟು ಪರೀಕ್ಷೆ ಮಾಡಿ, ಪುಪ್ಪುಸ ಇನ್ನೂ ಕೆಟ್ಟಿಲ್ಲವೆಂದು ಖಾತ್ರಿಯಾದ ಮೇಲೆ ಆಪರೇಷನ್. ಹೊರಗೆ ಕೂತ ಅಂದಾನಪ್ಪ ತನ್ನ ಧೋತರದ ಅಂಚನ್ನು ಎಳೆಎಳೆಯಾಗಿ ಬಿಚ್ಚಿಹಾಕಿದ. ಬಾಗಿಲು ತೆರೆದ ನರ್ಸು ನಕ್ಕಳು. ಅವನಿಗೆ ಮರಾಠಿ ಬಾರದಿದ್ದರೂ ಅಷ್ಟು ತಿಳಿಯಿತು.

ಈಗ ಗುರುಲಿಂಗವ್ವನ ಉಸಿರು ನೀರು ತರಲೂ ಸಾಲುತ್ತದೆ, ಗಂಡನನ್ನು ಬೈಯಲೂ ಸಾಲುತ್ತದೆ. ಅಂದಾನಪ್ಪನೋ, ಏದುಸಿರು ಬಿಡುವವರನ್ನು ಕಂಡರೆ ದವಾಖಾನೆಗೆ ಎಳೆಯುತ್ತಾನೆ. ಬಸ್ಸಿಗೆ ಓಡುತ್ತಿದ್ದ ಓಣಿಯ ಇಮಾಮಸಾಬನನ್ನೂ ಹಿಡಿದು ನಿಲ್ಲಿಸಿದ; ಬಸ್ಸು ಹೋಯಿತು.

ನಿಮ್ಮ ಮನೆಯಲ್ಲೂ ಯಾರಿಗಾದರೂ ನಡೆದರೆ ಉಸಿರು ಹತ್ತುತ್ತಿದೆಯೇ, ಎದೆ ಢವಗುಡುತ್ತದೆಯೇ? ವಯಸ್ಸೆಷ್ಟೇ ಆಗಿರಲಿ, ಒಮ್ಮೆ ಡಾಕ್ಟರ ಕಿವಿಗೆ ಅವರ ಎದೆ ಕೇಳಿಸಿ. ಅಡ್ಡನಾಳವೇ ಇದ್ದರೂ ಅದನ್ನು ಇನ್ನೂ ಮುಚ್ಚಲು ಬರುವಾಗಲೇ ಹೋಗಿ.