ಖಾಲಿ ಹೊಟ್ಟೆಗೆ ಹಂಚಿದ ಗುಳಿಗೆ

"ಬಂದ ನೋಡ್ರಿ ಗುಳಿಗಿ ಡಾಕ್ಟರ! ಸಾಲ್ಯಾಗ ಏಳನೇತ್ತಾ ದಾಟಲಿಲ್ಲ, ಮಂದಿ ಹೊಟ್ಟಿ ತೂತ ಮಾಡ್ಲಾಕ ಕಲ್ತಾನ!"

ಬೀದರದ ದವಾಖಾನೆಯ ವಾರ್ಡಿನಲ್ಲಿ, ಎಲ್ಲರ ಎದುರಿಗೆ ಮನಿಷಾ ಹೀಗೆ ಕೂಗಿದಾಗ ಅಶ್ವಜಿತ ಬಾಗಿಲಲ್ಲೇ ನಿಂತುಬಿಟ್ಟ. ಹಾಸಿಗೆಯ ಮೇಲೆ ಅವಳ ತಾಯಿ ಕೇಶರಬಾಯಿ ಮಲಗಿದ್ದಳು. ರಕ್ತ ಏರಿಸುತ್ತಿದ್ದರು. ಪಕ್ಕದ ಹಾಸಿಗೆಯವರು ಊಟದ ಡಬ್ಬಿ ಮುಚ್ಚಿ ಇವನನ್ನೇ ನೋಡಿದರು.

ಠಾಣಾ ಕುಶನೂರಿನಲ್ಲಿ ಸೋಯಾ ಕೊಯ್ಲಿನ ಗುತ್ತಿಗೆ ಹಿಡಿಯುವವನು ಅಶ್ವಜಿತ. ಅವನ ಕೈಕೆಳಗೆ ಹನ್ನೆರಡು ಜನ. ಹೊತ್ತು ಹುಟ್ಟುವಾಗಲೇ ಹೊಲದ ಬದುವಿನ ಮೇಲೆ ಎಲ್ಲರಿಗೂ ಕರಿ ಚಹಾ, ಜೊತೆಗೊಂದು ನೋವಿನ ಗುಳಿಗೆ. ಖಾಲಿ ಹೊಟ್ಟೆಗೆ ಬೇಗ ಹತ್ತುತ್ತದೆ, ಮಧ್ಯಾಹ್ನದವರೆಗೆ ಯಾರೂ ಸೊಂಟ ಹಿಡಿದು ಕೂರುವುದಿಲ್ಲ ಎಂಬುದು ಅವನ ಲೆಕ್ಕ. ನಾಲ್ಕು ದಿನದ ಹಿಂದೆ ಕೇಶರಬಾಯಿ, "ಎದಿಯಾಗ ಉರಿ ಅದಪಾ, ಇವತ್ತ ಒಲ್ಲೆ," ಎಂದಿದ್ದಳು. "ನುಂಗು ಮೌಶಿ, ನಾಟಕ ಮಾಡಬ್ಯಾಡ," ಎಂದು ಚಿಕ್ಕಮ್ಮನಿಗೆ ಹೇಳುವ ಸಲಿಗೆಯಲ್ಲಿ ನಕ್ಕು, ಅವನೇ ಅವಳ ಅಂಗೈಯಲ್ಲಿ ಇಟ್ಟಿದ್ದ. ಆ ನಗು ಈಗ ನೆನಪಾಗಿ ಅವನಿಗೆ ನೆಲ ಬಿಟ್ಟು ಬೇರೇನೂ ನೋಡಲಾಗಲಿಲ್ಲ.

ನರ್ಸ್ ಇರಮ ಮನಿಷಾಳನ್ನು ಕೂರಿಸಿ ಅವನತ್ತ ತಿರುಗಿದಳು. "ಯಾವ ಗುಳಿಗಿ ಕೊಟ್ಟಿ?"

ಅವನು ಜೇಬಿನಿಂದ ಗುಳಿಗೆ ಪಟ್ಟಿ ತೆಗೆದ. "ದಿನಕ್ಕ ಒಂದೇ ಕೊಟ್ಟೀನ್ರಿ ಸಿಸ್ಟರ್."

ಇರಮ ಕೇಶರಬಾಯಿಯ ಚೀಲದಲ್ಲಿ ಸಿಕ್ಕ ಇನ್ನೊಂದು ಪಟ್ಟಿ ತೋರಿಸಿದಳು. "ಇದು ಮೊಣಕಾಲ ನೋವಿಗಂತ ಔರಾದದ ಔಷಧ ಅಂಗಡ್ಯಾಗ ತಗೊಂಡಾಳ. ಸಂಜಿಗಿ ಇದು, ಮುಂಜಾನಿ ನಿಂದು."

"ಅದು ಕೆಂಪು, ಇದು ಬಿಳಿ. ಬ್ಯಾರೆ ಬ್ಯಾರೆ ಅಲ್ಲೇನ್ರಿ?"

"ಔಷಧಕ್ಕ ಬಣ್ಣ ನೋಡ್ತಾರೇನೋ? ಎರಡೂ ಒಂದೇ ಜಾತಿವು. ನೋವು, ಬಾವು ಇಳಸ್ತಾವ ಖರೆ, ಹೊಟ್ಟಿ ಒಳಗಿನ ಪದರ ಕೆಡಸ್ತಾವ. ಹುಣ್ಣಾಗಿ ರಕ್ತ ಹರದದ. ಮೂರು ದಿನದಿಂದ ಡಾಂಬರ ಹಂಗ ಕರ್ರಗ ಹೊರಕಡಿ ಆಗ್ಲತ್ತಿತ್ತಂತ, ನಾಚಿಕಿಗಿ ಯಾರಿಗೂ ಹೇಳಿಲ್ಲ."

"ಊಟ ಮಾಡಿ ತಗೊಂಡಿದ್ರ?"

"ಸ್ವಲ್ಪ ತ್ರಾಸ ಕಮ್ಮಿ. ಆದ್ರ ದಿನಾ ನುಂಗಿದ್ರ, ಊಟ ಮಾಡಿದ್ರೂ ಹೊಟ್ಟಿ ಉಳಿಯಂಗಿಲ್ಲ. ಬಿಸಲಾಗ ನೀರು ಕುಡೀಲಾರ್ದೆ ದುಡಿಯೋರಿಗಿ ಕಿಡ್ನಿಗೂ ಪೆಟ್ಟು ಬೀಳ್ತದ."

"ಮೌಶಿ ಉಳೀತಾಳೇನ್ರಿ?"

"ನಾಳಿ ತನಕ ನೋಡ್ಬೇಕು."

ಮರುದಿನ ರಕ್ತ ಹರಿಯುವುದು ನಿಂತಿತು. ಕೇಶರಬಾಯಿ ಕಣ್ಣು ತೆರೆದು, "ನೀ ಏನರೆ ಉಂಡಿಯೇನಪಾ?" ಎಂದು ಕೇಳಿದಳು. ಅವಳು ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದ. ಅವನು ಗೋಡೆಗೆ ಮುಖ ಮಾಡಿ ನಿಂತ.

ಮೂರನೆಯ ಮುಂಜಾನೆ ಬದುವಿನ ಮೇಲೆ ಹನ್ನೊಂದು ಅಂಗೈಗಳು ರೂಢಿಯಂತೆ ಮುಂದೆ ಬಂದವು. ಅಶ್ವಜಿತ ರೊಟ್ಟಿಯ ಗಂಟು ಬಿಚ್ಚಿದ. "ಗುಳಿಗಿ ಇಲ್ಲ. ಮೌಶಿಗಿ ಈ ಗತಿ ಬಂದದ್ದು ನನ್ನಿಂದ. ಮೊದಲ ರೊಟ್ಟಿ ತಿನ್ರಿ. ಸೊಂಟ ನೋಯ್ದ್ರ ಕುಂದ್ರಿ, ನಾ ಏನೂ ಅನ್ನಂಗಿಲ್ಲ."

ಅಕ್ಕ, ಅಣ್ಣ, ಈಗ ನಿಮಗೊಂದು ಮಾತು. ಡಾಕ್ಟರ ಚೀಟಿ ಇಲ್ಲದೆ ಸಿಗುತ್ತದೆ ಎಂದ ಮಾತ್ರಕ್ಕೆ ನೋವಿನ ಗುಳಿಗೆ ಸಾಧು ಆಗುವುದಿಲ್ಲ. ಬೇಕೇ ಬೇಕಾದರೆ ಉಂಡ ಮೇಲೆ, ನೀರಿನ ಜೊತೆ, ಪಟ್ಟಿಯ ಮೇಲೆ ಬರೆದಷ್ಟೇ ತೆಗೆದುಕೊಳ್ಳಿ. ಎರಡು ಮೂರು ದಿನದಲ್ಲಿ ನೋವು ಹೋಗದಿದ್ದರೆ ಡಾಕ್ಟರ ಹತ್ತಿರ ಹೋಗಿ. ಮನೆಯಲ್ಲಿ ಇನ್ನೊಂದು ನೋವಿನ ಗುಳಿಗೆ ಇದ್ದರೆ ಅಂಗಡಿಯವರಿಗೆ ತೋರಿಸಿ, ಎರಡೂ ಒಂದೇ ಜಾತಿಯವೇ ಎಂದು ಕೇಳಿ. ಬಿಪಿ, ಹೃದಯ, ಕಿಡ್ನಿ, ಹೊಟ್ಟೆ ಹುಣ್ಣಿನ ತೊಂದರೆ ಇದ್ದವರು, ಬಸುರಿಯರು, ರಕ್ತ ತೆಳು ಮಾಡುವ ಔಷಧ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಲೇಬೇಡಿ. ಸೆರೆ ಕುಡಿದವರೂ ಮುಟ್ಟಬೇಡಿ. ಕರ್ರಗೆ ಹೊರಕಡೆಯಾದರೆ, ರಕ್ತ ವಾಂತಿಯಾದರೆ ನಾಚದೆ ಆಗಲೇ ದವಾಖಾನೆಗೆ ಓಡಿ. ನಿಮ್ಮ ಗುಳಿಗೆಯನ್ನು ಇನ್ನೊಬ್ಬರ ಬಾಯಿಗೆ ಹಾಕಬೇಡಿ.

ಬದುವಿನ ಮೇಲೆ ರೊಟ್ಟಿ ಮುರಿಯುತ್ತ, ಆ ಹನ್ನೊಂದು ಜನರಲ್ಲೊಬ್ಬನಾದ ಸಂಘಪಾಲ ಸಮಾಧಾನ ಹೇಳಿದ: "ಬಿಡೋ ಅಶ್ವ್ಯಾ, ಕೇಳಲಾರ್ದೆ ಮಾರಿದ ಅಂಗಡ್ಯಾಂವಂದು ತಪ್ಪು. ನಿಂದೇನದ ಇದ್ರಾಗ?"

ಅಶ್ವಜಿತ ಕುಡುಗೋಲನ್ನು ಸಂಘಪಾಲನ ಕೈಗಿಟ್ಟು, ಕೇಶರಬಾಯಿಯ ಹಾಸಿಗೆಯ ಬಳಿ ಕೂರಲು ಬೀದರದ ಬಸ್ಸಿಗೆ ನಡೆದುಹೋದ.